ಪೆರ್ಲದ ಹತ್ತಿರ ಒಂದು ಮನೆ, ಆರು ಪ್ಯಾನೆಲ್, ಮೂರು ಮೀಟರ್

2025ರ ಮಾರ್ಚ್ ಮೊದಲ ವಾರ. ಬೆಳಗ್ಗೆ ಏಳು ಗಂಟೆಗೇ ಮಾವನ ಫೋನು. ಅಷ್ಟು ಬೇಗ ಅವರು ಫೋನು ಮಾಡುವುದು ಒಂದೋ ಯಾರಾದರೂ ತೀರಿಕೊಂಡಾಗ, ಇಲ್ಲವೇ ತೋಟದ ಪಂಪು ಕೆಟ್ಟಾಗ. ಈ ಸಲ ಎರಡೂ ಅಲ್ಲ.

“ಎಂತ ಮಾರಾಯ ಇದು? ಕರೆಂಟು ಕೊಡುದು ನಾವು, ದುಡ್ಡು ಕಟ್ಟುದೂ ನಾವಾ? 742 ಯೂನಿಟ್ ಬಂದದೆ. ಸೋಲಾರ್ ಹಾಕುದಕ್ಕೆ ಮೊದಲೇ ಚೆಂದ ಇತ್ತು.”

ಸೋಲಾರ್ ಹಾಕುವ ಮೊದಲು ಆ ಮನೆಗೆ ಎರಡು ತಿಂಗಳಿಗೆ ಸುಮಾರು 460 ಯೂನಿಟ್ ಬರುತ್ತಿತ್ತು. ಹಾಕಿ ನಲವತ್ತು ದಿನ ಆಗಿತ್ತು. ಕಡಿಮೆ ಆಗಬೇಕಾದದ್ದು ಒಂದೂವರೆ ಪಟ್ಟಿಗಿಂತ ಹೆಚ್ಚಾಗಿತ್ತು. ನಾನು ಇಪ್ಪತ್ತು ವರ್ಷದಿಂದ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ವಯರಿಂಗ್ ಕೆಲಸ ಮಾಡುವವ. ಇಂಥ ಬಿಲ್ಲು ಇದೇ ಮೊದಲಲ್ಲ. ಆದರೆ ಇದರಷ್ಟು ಸ್ಪಷ್ಟವಾಗಿ, ಕಣ್ಣೆದುರೇ ಕಾರಣ ಕಂಡ ಪ್ರಕರಣ ಬೇರೆ ಇಲ್ಲ. ಹಾಗಾಗಿ ಪೂರ್ತಿ ಬರೆಯುತ್ತೇನೆ.

ಮನೆ ಮತ್ತು ಅದರ ಕನೆಕ್ಷನ್

ಹಳೆಯ ಹಂಚಿನ ಮನೆ, ಪಕ್ಕದಲ್ಲಿ ಹಟ್ಟಿ. ಹಟ್ಟಿಯ ಶೀಟಿನ ಮಾಡು ತೆಂಕಣಕ್ಕೆ ವಾಲಿದ್ದರಿಂದ ಪ್ಯಾನೆಲ್ ಅಲ್ಲೇ ಕೂತವು. ಅಂಗಳದಲ್ಲಿ ಕೂರಿಸಿದರೆ ಅಡಿಕೆಗೆ ನೆರಳು ಬೀಳುತ್ತದೆ ಎಂದು ಅತ್ತೆ ಮೊದಲೇ ಹೇಳಿದ್ದರು. ಒಂದೊಂದು 540 ವಾಟಿನ ಆರು ಪ್ಯಾನೆಲ್, ಮೂರು ಕಿಲೋವ್ಯಾಟಿನ ಸಿಂಗಲ್ ಫೇಸ್ ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಪ್ಯಾನೆಲಿನ ಕರೆಂಟನ್ನು ಮನೆಯ ಕರೆಂಟಾಗಿ ಮಾಡಿ ಕಂಬದ ಲೈನಿನ ಜತೆ ಕೂಡಿಸುವ ಯಂತ್ರ. ಮೂರೇ ಕಿಲೋವ್ಯಾಟ್ ಯಾಕೆ ಎಂದರೆ ಸಬ್ಸಿಡಿ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000. ಅದಕ್ಕಿಂತ ದೊಡ್ಡದು ಹಾಕಿದರೂ ಅಷ್ಟೇ ಸಿಗುವುದು. ಹಾಗಾಗಿ ನಮ್ಮ ಕಡೆ ಮನೆಮನೆಗೆ ಮೂರು ಕಿಲೋವ್ಯಾಟ್.

ಕನೆಕ್ಷನ್ ಮಾತ್ರ ತ್ರೀ ಫೇಸ್, ಅಂದರೆ ಕಂಬದಿಂದ ಒಂದರ ಬದಲು ಮೂರು ಕರೆಂಟಿನ ತಂತಿ. ಮನೆಗೂ ಹಟ್ಟಿಗೂ ನೀರು ಕೊಡುವ ಕೊಳವೆಬಾವಿಗೆ 3 ಎಚ್‌ಪಿ ಮೋಟರ್ ಉಂಟು, ಅದಕ್ಕೆಂದು ಹಿಂದೆ ಮಾಡಿಸಿದ್ದು. ತೋಟದ ಪಂಪಿಗೆ ಬೇರೆಯೇ ಕೃಷಿ ಕನೆಕ್ಷನ್, ಬೇರೆಯೇ ಮೀಟರ್. ಮನೆಯಲ್ಲಿ ಉಳಿದ ಸೋಲಾರ್ ಕರೆಂಟನ್ನು ಒಂದು ವಯರ್ ಎಳೆದು ತೋಟದ ಪಂಪಿಗೆ ಕೊಟ್ಟರೆ ಆಗದಾ ಎಂದು ಮಾವ ಒಮ್ಮೆ ಕೇಳಿದ್ದರು. ಆಗದು. ಎರಡು ಮೀಟರಿನ ತಂತಿಗಳನ್ನು ನಾವೇ ಕೂಡಿಸಿದರೆ ಅದು ಅನಧಿಕೃತ ಬಳಕೆ, ದಂಡ ಹಾಕುವುದಕ್ಕೆ 2003ರ ವಿದ್ಯುತ್ ಕಾಯ್ದೆಯಲ್ಲಿ 126ನೇ ಸೆಕ್ಷನ್ನೇ ಉಂಟು.

ಈ ಎರಡು ಸಂಗತಿ ನೆನಪಿಡಿ: ಕನೆಕ್ಷನ್ ತ್ರೀ ಫೇಸ್, ಇನ್ವರ್ಟರ್ ಸಿಂಗಲ್ ಫೇಸ್. ಮುಂದಿನ ತಕರಾರೆಲ್ಲ ಇದರ ಮೇಲೇ ನಿಂತದ್ದು.

ಮಾವನ ಮನಸ್ಸಿನಲ್ಲಿದ್ದ ಮೀಟರ್

ಮಾವನ ಲೆಕ್ಕಾಚಾರ ಸುಲಭದ್ದು. ಸೋಲಾರ್ ಓಡುವಾಗ ಮೀಟರ್ ಹಿಂದಕ್ಕೆ ತಿರುಗುತ್ತದೆ, ರಾತ್ರಿ ಮುಂದಕ್ಕೆ ತಿರುಗುತ್ತದೆ, ತಿಂಗಳ ಕೊನೆಗೆ ಉಳಿದದ್ದು ಬಿಲ್ಲು. ಇದನ್ನು ಅವರಿಗೆ ಹೇಳಿಕೊಟ್ಟದ್ದು ವಿಟ್ಲದಲ್ಲಿರುವ ಅವರ ತಂಗಿಯ ಗಂಡ, ಜತೆಗೆ ಫೋನಿನಲ್ಲಿ ನೋಡಿದ ಹತ್ತಾರು ಕನ್ನಡ ವಿಡಿಯೋ.

ಹಿಂದಕ್ಕೆ ತಿರುಗುವ ಮೀಟರ್ ಸುಳ್ಳಲ್ಲ. ಕಪ್ಪು ಡಬ್ಬದೊಳಗೆ ಅಲ್ಯುಮಿನಿಯಂ ಚಕ್ರ ತಿರುಗುತ್ತಿದ್ದ ಹಳೆಯ ಮೀಟರಿನಲ್ಲಿ ಕರೆಂಟು ತಿರುಗಿ ಹರಿದರೆ ಚಕ್ರವೂ ತಿರುಗಿ ಸುತ್ತುತ್ತಿತ್ತು, ತಡೆಹಲ್ಲು ಇಲ್ಲದಿದ್ದರೆ. ಆ ಮೀಟರ್ ನಮ್ಮ ಕಡೆಯ ಗೋಡೆಗಳಿಂದ ಹೋಗಿ ವರ್ಷಗಳಾದವು. ಈಗಿರುವುದು ಎಲೆಕ್ಟ್ರಾನಿಕ್ ಮೀಟರ್. ಅದರ ಬುದ್ಧಿ ಬೇರೆ.

ಕನ್ನಡ ವಿಡಿಯೋಗಳದ್ದು ಇನ್ನೊಂದು ತೊಂದರೆ. ಅವು ಕರ್ನಾಟಕದ ಬೆಸ್ಕಾಂ, ಮೆಸ್ಕಾಂ ವಿಷಯ ಹೇಳುತ್ತವೆ, ನಮ್ಮದು ಕೇರಳ. ಯಾವ ಫಾರಂ, ಯಾವ ಮೀಟರ್, ಉಳಿದ ಯೂನಿಟಿಗೆ ಯಾವ ಲೆಕ್ಕ ಎಂಬುದನ್ನೆಲ್ಲ ನಿರ್ಧರಿಸುವುದು ಆಯಾ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಅಲ್ಲಿ ತಿಂಗಳಿಗೊಂದು ಬಿಲ್ಲು, ಇಲ್ಲಿ ಎರಡು ತಿಂಗಳಿಗೊಂದು. ವಿಟ್ಲದಿಂದ ಪೆರ್ಲಕ್ಕೆ ಬಸ್ಸಿನಲ್ಲಿ ಒಂದು ಗಂಟೆ ಬೇಡ. ಆದರೆ ಸಾರಡ್ಕ ದಾಟಿದರೆ ಕಂಬದ ಮೇಲಿನ ತಂತಿ ಇನ್ನೊಂದು ರಾಜ್ಯದ್ದು. ಇಲ್ಲಿಯ ನಿಯಮ ಹೇಳುವ ವಿಡಿಯೋಗಳು ಮಲಯಾಳದಲ್ಲಿ. ಮಾವನಿಗೆ ಮಲಯಾಳ ಮಾತು ಬರುತ್ತದೆ, ಪೇಟೆಯ ವ್ಯವಹಾರಕ್ಕೆ ಬೇಕಾದಷ್ಟು. “ಸೆಟ್ಲ್‌ಮೆಂಟ್”, “ಬ್ಯಾಂಕಿಂಗ್” ಅಂತ ಗಡಿಬಿಡಿಯಲ್ಲಿ ಹೇಳಿಕೊಂಡು ಹೋದರೆ ಅರ್ಧಕ್ಕೇ ಬಿಡುತ್ತಾರೆ. ನನ್ನ ಅನುಭವದಲ್ಲಿ ಗಡಿನಾಡಿನ ಕನ್ನಡಿಗರು ಸೋಲಾರ್ ವಿಷಯದಲ್ಲಿ ಎಡವುವುದು ತಾಂತ್ರಿಕ ತಿಳಿವಳಿಕೆ ಇಲ್ಲದ್ದರಿಂದ ಅಲ್ಲ. ಪಕ್ಕದ ರಾಜ್ಯದ ತಿಳಿವಳಿಕೆ ಜಾಸ್ತಿ ಆದದ್ದರಿಂದ.

ಕೆಟಲ್ ಹಿಡಿದು ಮಾಡಿದ ಪರೀಕ್ಷೆ

ಆ ಭಾನುವಾರ ಹತ್ತೂವರೆಗೆ ತಲುಪಿದೆ. ಬಿಸಿಲು ಚೆನ್ನಾಗಿತ್ತು. ಮೀಟರ್ ಇದ್ದದ್ದು ಜಗಲಿಯ ಕಂಬದ ಹಿಂದೆ, ಮರದ ಹಲಗೆಯ ಮೇಲೆ. ಅದೇ ಹಳೆಯ ತ್ರೀ ಫೇಸ್ ಮೀಟರ್. ಸೋಲಾರಿನವರು ಪ್ಯಾನೆಲ್ ಕೂರಿಸಿ, ಇನ್ವರ್ಟರನ್ನು ಡಿಬಿಗೆ (ಮನೆಯೊಳಗೆ ಕರೆಂಟು ಹಂಚುವ ಪೆಟ್ಟಿಗೆಗೆ) ಜೋಡಿಸಿ, “ಟೆಸ್ಟಿಂಗ್” ಎಂದು ಆನ್ ಮಾಡಿ, ಆಫ್ ಮಾಡದೆ ಹೋಗಿದ್ದರು. ಒಳಬಂದ ಕರೆಂಟನ್ನೂ ಹೊರಹೋದದ್ದನ್ನೂ ಬೇರೆ ಬೇರೆ ಬರೆಯುವ ನೆಟ್ ಮೀಟರ್ ಬರುವ ತನಕ ಓಡಲಿ, ಕರೆಂಟು ಸುಮ್ಮನೆ ಯಾಕೆ ಹಾಳು ಮಾಡುವುದು ಎಂದು ಹೇಳಿಯೂ ಹೋಗಿದ್ದರಂತೆ. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಈ ಮಾತನ್ನು ನಾನು ಬೇರೆ ಬೇರೆಯವರ ಬಾಯಲ್ಲಿ ಕೇಳಿದ್ದೇನೆ.

ಮೀಟರಿನ ಮುಖದ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದಲ್ಲ, ಅದರ ಪಕ್ಕದಲ್ಲಿ ಒಂದು ಅಂಕಿ ಬರೆದಿರುತ್ತದೆ. ಈ ಮೀಟರಿನಲ್ಲಿ 800. ಅಂದರೆ ಆ ದೀಪ 800 ಸಲ ಮಿನುಗಿದರೆ ಒಂದು ಯೂನಿಟ್. ಬೇರೆ ಮೀಟರಿನಲ್ಲಿ 1600, 3200 ಇರಬಹುದು. ಮೀಟರನ್ನು ಪರೀಕ್ಷಿಸಲು ಇದಕ್ಕಿಂತ ಸುಲಭದ ಸಾಧನ ಬೇರೆ ಇಲ್ಲ, ದುಡ್ಡೂ ಬೇಡ.

ಮನೆಯ ಎಂಸಿಬಿ ಸ್ವಿಚ್ಚುಗಳನ್ನೆಲ್ಲ ಕೆಳಗೆ ಮಾಡಿದೆ. ಫ್ರಿಜ್ ಮಾತ್ರ ಇರಲಿ ಎಂದರು ಅತ್ತೆ, ಒಳಗೆ ಹಾಲಿತ್ತು. ಇನ್ವರ್ಟರಿನ ಪರದೆಯಲ್ಲಿ 1.9 ಕಿಲೋವ್ಯಾಟ್. ಫ್ರಿಜ್ಜಿಗೆ 0.1 ಹೋದರೆ ಉಳಿದ 1.8 ಕಂಬದ ಕಡೆಗೆ. ಮೀಟರ್ ಇದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದೀಪ ಸುಮ್ಮನಿರಬೇಕು. ಅದು ಮಿನುಗುತ್ತಿತ್ತು. ಮಾವ ಕೈಗಡಿಯಾರ ನೋಡಿದರು, ನಾನು ಎಣಿಸಿದೆ. ನಿಮಿಷಕ್ಕೆ 24. ಗಂಟೆಗೆ 1440, ಅದನ್ನು 800ರಿಂದ ಭಾಗಿಸಿದರೆ 1.8. ನಾವು ಹೊರಗೆ ಕಳಿಸುತ್ತಿದ್ದ ಕರೆಂಟನ್ನು ಆ ಮೀಟರ್ ಒಂದು ವಾಟೂ ಬಿಡದೆ ನಾವು ತಿಂದ ಕರೆಂಟು ಎಂದು ಬರೆದುಕೊಳ್ಳುತ್ತಿತ್ತು. ಮೇಲೆ ‘ರಿವರ್ಸ್’ ಎಂಬ ಇನ್ನೊಂದು ದೀಪ ನಿಶ್ಚಲವಾಗಿ ಉರಿಯುತ್ತಿತ್ತು. ಅದು ನಲವತ್ತು ದಿನದಿಂದ ಹಗಲಿಡೀ ಉರಿದಿರಬೇಕು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಇನ್ನೊಂದು ಸಂಶಯ ಉಳಿಯಿತು. ತ್ರೀ ಫೇಸ್ ಮೀಟರ್ ಮೂರು ಫೇಸನ್ನು ಮೊದಲು ಕೂಡಿಸಿ ಕಳೆದು ಆಮೇಲೆ ಬರೆಯುತ್ತದಾ, ಅಥವಾ ಒಂದೊಂದನ್ನೂ ಬೇರೆ ಬೇರೆ ಬರೆಯುತ್ತದಾ? ಮೂರು ಫೇಸಿಗೆ ಆರ್, ವೈ, ಬಿ ಎಂದು ಹೆಸರು. ಇನ್ವರ್ಟರ್ ಇದ್ದದ್ದು ಆರ್ ಫೇಸಿನಲ್ಲಿ. ಅತ್ತೆಯ ಅಡುಗೆಮನೆ ವೈ ಫೇಸಿನಲ್ಲಿ. ಅವರ 1500 ವಾಟಿನ ಕೆಟಲಿಗೆ ನೀರು ತುಂಬಿ ಆನ್ ಮಾಡಿಸಿದೆ. ಕೂಡಿಸಿ ಕಳೆಯುವ ಮೀಟರ್ ಆದರೆ 1.8ರಲ್ಲಿ 1.5 ಹೋಗಿ 0.3 ಉಳಿಯಬೇಕು, ನಿಮಿಷಕ್ಕೆ ನಾಲ್ಕು ಮಿನುಗು. ಎಣಿಸಿದರೆ 44. ಅಂದರೆ 3.3 ಕಿಲೋವ್ಯಾಟ್: ಕಳಿಸಿದ್ದು 1.8, ಉಪಯೋಗಿಸಿದ್ದು 1.5, ಎರಡೂ ಖರ್ಚಿನ ಲೆಕ್ಕಕ್ಕೆ.

“ಇದು ಮೀಟರಾ, ಬಡ್ಡಿ ಸಾಹುಕಾರನಾ?” ಎಂದರು ಅತ್ತೆ. ನೀರು ಕುದಿದಿತ್ತು, ಕಾಫಿ ಆಯಿತು.

ಮೀಟರ್ ಕೆಟ್ಟಿರಲಿಲ್ಲ. ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಕರೆಂಟು ಕದಿಯುವವರು ಹಿಂದೆ ಒಂದು ಉಪಾಯ ಮಾಡುತ್ತಿದ್ದರು. ಮೀಟರಿಗೆ ಒಳಬರುವ ತಂತಿ ಮತ್ತು ಹೊರಹೋಗುವ ತಂತಿಯನ್ನು ಅದಲು ಬದಲು ಮಾಡಿದರೆ ಚಕ್ರ ಹಿಂದಕ್ಕೆ ತಿರುಗುತ್ತದೆ. ಅದನ್ನು ತಡೆಯಲು ಈ ಎಲೆಕ್ಟ್ರಾನಿಕ್ ಮೀಟರನ್ನು ಮಾಡುವಾಗಲೇ, ಕರೆಂಟು ಯಾವ ದಿಕ್ಕಿಗೆ ಹರಿದರೂ ಮುಂದಕ್ಕೇ ಎಣಿಸು ಎಂದು ಕಲಿಸಿರುತ್ತಾರೆ. ಒಂದು ಫೇಸಿನದು ಮಾತ್ರ ತಿರುವು ಮಾಡಿದರೂ ಹಿಡಿಯಬೇಕೆಂದು ಫೇಸ್ ಫೇಸಿಗೆ ಬೇರೆ ಎಣಿಕೆ. ಕಳ್ಳನನ್ನು ಹಿಡಿಯಲು ಕಟ್ಟಿದ ಬಲೆಗೆ ಹಟ್ಟಿಯ ಮಾಡಿನ ಸೋಲಾರ್ ಸಿಕ್ಕಿಬಿತ್ತು, ಅಷ್ಟೆ.

ಲೆಕ್ಕ

ಇನ್ವರ್ಟರಿನ ನೆನಪಿನಲ್ಲಿ ದಿನದಿನದ ಉತ್ಪತ್ತಿ ಇತ್ತು. ನಲವತ್ತು ದಿನಕ್ಕೆ 520 ಯೂನಿಟ್, ದಿನಕ್ಕೆ 13. ಹಗಲು ಮನೆಯಲ್ಲೇ ಖರ್ಚಾಗುವುದು ಅಂದಾಜು ದಿನಕ್ಕೆ 3. ಉಳಿದ 10 ಹೊರಗೆ. ಮನೆಯ ಒಟ್ಟು ಬಳಕೆ ದಿನಕ್ಕೆ 7.7 ಎಂದರೆ, ರಾತ್ರಿ ಮತ್ತು ಮೋಡದ ಹೊತ್ತಿಗೆ ಕಂಬದಿಂದ ಬರುವುದು 4.7. ಸರಿಯಾದ ಮೀಟರ್ ಇದ್ದಿದ್ದರೆ ದಿನಕ್ಕೆ 4.7 ಒಳಗೆ, 10 ಹೊರಗೆ ಎಂದು ತೋರಿಸುತ್ತಿತ್ತು. ಈ ಮೀಟರ್ ಎರಡನ್ನೂ ಕೂಡಿಸಿ 14.7 ಎಂದಿತು. ಮೊದಲ ಇಪ್ಪತ್ತು ದಿನದ 154, ಆಮೇಲಿನ ನಲವತ್ತು ದಿನದ 588. ಕೂಡಿಸಿ: 742. ಬಿಲ್ಲಿನ ಅಂಕಿಗೆ ಸರಿಯಾಗಿ ಕೂತಿತು. ಇಷ್ಟು ಚೊಕ್ಕವಾಗಿ ಕೂರುತ್ತದೆಂದು ನಾನೂ ಎಣಿಸಿರಲಿಲ್ಲ.

ಪೆಟ್ಟು ಇದಕ್ಕಿಂತಲೂ ದೊಡ್ಡದು. ಕೇರಳದಲ್ಲಿ ಮನೆ ಕನೆಕ್ಷನ್ನಿಗೆ ತಿಂಗಳಿಗೆ 250 ಯೂನಿಟ್ ತನಕ ಹಂತಹಂತದ ದರ, ಮೊದಲ 50ಕ್ಕೆ ಒಂದು, ಮುಂದಿನ 50ಕ್ಕೆ ಇನ್ನೊಂದು, ಹೀಗೆ. 250 ದಾಟಿದರೆ ಆ ರಿಯಾಯಿತಿ ಇಲ್ಲ. ಮೊದಲ ಯೂನಿಟಿನಿಂದಲೇ ಒಂದೇ ದರ, ಅದೂ ಮೇಲಿನದು. ಎರಡು ತಿಂಗಳ ಬಿಲ್ಲಿನಲ್ಲಿ ಆ ಗೆರೆ 500. ಮಾವ ವರ್ಷಗಳಿಂದ ಬಲ್ಬು ಆರಿಸಿ ಆರಿಸಿ 460ರಲ್ಲಿ ನಿಲ್ಲಿಸಿಕೊಂಡವರು. ಬರೇ ಮೀಟರಿನ ದೆಸೆಯಿಂದ ಗೆರೆಯ ಆಚೆ ಬಿದ್ದರು.

ಇನ್ವರ್ಟರನ್ನು ಅವತ್ತೇ ಆಫ್ ಮಾಡಿಸಿದೆ. ಬಿಸಿಲು ಹಾಳಾಗುತ್ತದಲ್ಲ ಎಂದು ಮಾವನಿಗೆ ಹೊಟ್ಟೆ ಉರಿ. ಆದರೆ ಓಡಿದಷ್ಟೂ ನಷ್ಟ.

ತಪ್ಪು ಮೀಟರಿಗೆ ಹಾಕಿದ ಅರ್ಜಿ

ನೆಟ್ ಮೀಟರ್ ಯಾಕೆ ಇನ್ನೂ ಬಂದಿಲ್ಲ ಎಂದು ಸೋಮವಾರ ವಿದ್ಯುತ್ ಬೋರ್ಡಿನ ಸೆಕ್ಷನ್ ಆಫೀಸಿಗೆ ಹೋದೆವು. ಹತ್ತು ಕಿಲೋವ್ಯಾಟ್ ತನಕದ ಮನೆ ಸೋಲಾರಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಡ, ಅರ್ಜಿ ಒಪ್ಪಿದಂತೆಯೇ ಎಂದು 2024ರ ಗ್ರಾಹಕ ಹಕ್ಕುಗಳ ತಿದ್ದುಪಡಿ ನಿಯಮದಲ್ಲೇ ಉಂಟು. ಹಾಗಿದ್ದರೆ ತಡ ಎಲ್ಲಿ? ಅಲ್ಲಿಯ ಸಬ್ ಎಂಜಿನಿಯರ್ ಫೈಲು ತೆಗೆದು ತೋರಿಸಿದರು. ಸೋಲಾರಿನವರು ಸಿಂಗಲ್ ಫೇಸ್ ನೆಟ್ ಮೀಟರ್ ಎಂದು ಬರೆದು ಕಳಿಸಿದ್ದರು. ಮನೆಯ ಕನೆಕ್ಷನ್ ತ್ರೀ ಫೇಸ್. ತಾಳೆ ಆಗದ್ದಕ್ಕೆ ಅರ್ಜಿ ತಿರುಗಿ ಹೋಗಿತ್ತು. ತಿರುಗಿ ಹೋದದ್ದು ಸೋಲಾರಿನವರ ಫೋನಿಗೆ, ಮಾವನಿಗಲ್ಲ.

ಸೋಲಾರಿನವರಿಗೆ ಫೋನು ಮಾಡಿದರೆ, ಇನ್ವರ್ಟರ್ ಸಿಂಗಲ್ ಫೇಸ್ ಅಲ್ವಾ, ಮತ್ತೆ ಮೀಟರ್ ಬೇರೆ ಯಾಕೆ, ಸುಮ್ಮನೆ ಖರ್ಚು ಎಂದರು. ಇದು ತುಂಬ ಜನರಿಗೆ ಆಗುವ ಗೊಂದಲ, ಆದ ಕಾರಣ ಬಿಡಿಸಿ ಹೇಳುತ್ತೇನೆ. ಸೋಲಾರ್ ಇರುವ ಮನೆಯಲ್ಲಿ ನಮ್ಮ ಕಡೆ ಎರಡು ಮೀಟರ್ ಇರುತ್ತವೆ. ಒಂದು ಸೋಲಾರ್ ಮೀಟರ್: ಇನ್ವರ್ಟರಿನಿಂದ ಹೊರಬಂದ ತಂತಿಯ ಮೇಲೆ ಕೂತು ಪ್ಯಾನೆಲ್ ಎಷ್ಟು ಕೊಟ್ಟಿತು ಎಂದು ಎಣಿಸುತ್ತದೆ. ಇನ್ನೊಂದು ನೆಟ್ ಮೀಟರ್: ಕಂಬದ ಸರ್ವಿಸ್ ವಯರಿಗೂ ಮನೆಗೂ ನಡುವೆ, ಹಳೆಯ ಮೀಟರ್ ಇದ್ದ ಜಾಗದಲ್ಲೇ ಕೂತು, ಒಳಬಂದದ್ದನ್ನೂ ಹೊರಹೋದದ್ದನ್ನೂ ಎರಡು ಬೇರೆ ಸಾಲಿನಲ್ಲಿ ಬರೆಯುತ್ತದೆ. ಸೋಲಾರ್ ಮೀಟರ್ ಇನ್ವರ್ಟರಿಗೆ ಹೊಂದಬೇಕು, ಇಲ್ಲಿ ಸಿಂಗಲ್ ಫೇಸ್. ನೆಟ್ ಮೀಟರ್ ಕನೆಕ್ಷನ್ನಿಗೆ ಹೊಂದಬೇಕು, ಇಲ್ಲಿ ತ್ರೀ ಫೇಸ್. ಇನ್ವರ್ಟರ್ ಎಷ್ಟು ಫೇಸಿನದು ಎಂಬುದಕ್ಕೂ ನೆಟ್ ಮೀಟರಿಗೂ ಸಂಬಂಧವೇ ಇಲ್ಲ.

ಕನೆಕ್ಷನ್ನನ್ನೇ ಸಿಂಗಲ್ ಫೇಸ್ ಮಾಡಿಸಿದರೆ ಅಗ್ಗ ಎಂಬ ಸಲಹೆಯೂ ಬಂತು. ಕೊಳವೆಬಾವಿ ಮೋಟರನ್ನು ಏನು ಮಾಡುವುದು ಎಂದು ಕೇಳಿದ್ದಕ್ಕೆ ಆಚೆಯಿಂದ ಉತ್ತರ ಬರಲಿಲ್ಲ.

ಬಿಲ್ಲಿನ ವಿಷಯ? ಸಬ್ ಎಂಜಿನಿಯರ್ ಸಜ್ಜನ ಮನುಷ್ಯ, ಮಾವನ ಹತ್ತಿರ ತುಳುವಿನಲ್ಲಿ ಮಾತಾಡಿದರು. ಮಿನುಗಿನ ಲೆಕ್ಕವನ್ನು ಕುತೂಹಲದಿಂದ ನೋಡಿದರು, ಒಪ್ಪಿದರು ಕೂಡ. ಆದರೆ ಒಪ್ಪಿಗೆ ಸಿಗುವ ಮೊದಲು ಸೋಲಾರನ್ನು ಲೈನಿಗೆ ಜೋಡಿಸಿದ್ದೇ ನಿಯಮದ ವಿರುದ್ಧ, ಅದಕ್ಕೆ ಬೇರೆ ಕ್ರಮ ಇಲ್ಲದೆ ಹೋದದ್ದೇ ನಿಮ್ಮ ಪುಣ್ಯ ಎಂದರು. ಅದೂ ಸರಿಯೇ. ಲೈನ್‌ಮನ್ ಕಂಬದಲ್ಲಿ ಕೆಲಸ ಮಾಡುವಾಗ ಯಾವ ಮನೆಯಿಂದ ಕರೆಂಟು ತಿರುಗಿ ಬರಬಹುದು ಎಂಬುದು ಆಫೀಸಿಗೆ ಗೊತ್ತಿರಬೇಕು. ದುಡ್ಡು ವಾಪಸು ಸಿಗಲಿಲ್ಲ. ಮೀಟರೇ ತಪ್ಪು ಓಡುತ್ತದೆ ಎಂಬ ಸಂಶಯ ಇದ್ದರೆ ಬೇರೆ ದಾರಿ ಉಂಟು: ಅದೇ 2024ರ ನಿಯಮದಂತೆ ದೂರು ಕೊಟ್ಟ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಕೂರಿಸಿ, ಕನಿಷ್ಠ ಮೂರು ತಿಂಗಳು ಎರಡನ್ನೂ ಹೋಲಿಸಿ ನೋಡಬೇಕು. ನಮ್ಮದು ಆ ಜಾತಿಯ ತಕರಾರಲ್ಲ, ಮೀಟರ್ ಸರಿಯಾಗಿತ್ತು, ಜಾಗ ತಪ್ಪಾಗಿತ್ತು.

ಮೀಟರ್ ಆರಿಸಿದ್ದು

ನೆಟ್ ಮೀಟರನ್ನು ಬೋರ್ಡಿನಿಂದಲೇ ಪಡೆದು ಬಾಡಿಗೆ ಕೊಡಬಹುದು, ಇಲ್ಲವೇ ಬೋರ್ಡು ಒಪ್ಪಿದ ತಯಾರಕರ ಮೀಟರನ್ನು ನಾವೇ ಕೊಂಡು, ಪರೀಕ್ಷೆ ಮಾಡಿಸಿ, ಸೀಲು ಹಾಕಿಸಿ ಕೊಡಬಹುದು. ಮಾವ ಎರಡನೆಯದನ್ನು ಆರಿಸಿದರು. ಬಾಡಿಗೆ ಎಂಬ ಶಬ್ದ ಅವರಿಗೆ ಆಗದು.

ಮೊದಲು ಅವರ ಮಗ, ಬೆಂಗಳೂರಿನಲ್ಲಿರುವವ, ಆನ್‌ಲೈನಿನಲ್ಲಿ ಒಂದು ‘ಬೈ-ಡೈರೆಕ್ಷನಲ್’ ಮೀಟರ್ ನೋಡಿಟ್ಟಿದ್ದ. ಬೆಲೆ ಅರ್ಧಕ್ಕಿಂತ ಕಡಿಮೆ. ಡಿಬಿಯೊಳಗೆ ಎಂಸಿಬಿಯ ಸಾಲಿನಲ್ಲಿ ಕೂರಿಸುವಂಥ ಸಣ್ಣ ಮೀಟರ್ ಅದು. ಎಣಿಸುವುದೇನೋ ಎಣಿಸುತ್ತದೆ, ನಮ್ಮ ಸ್ವಂತ ತಿಳಿವಳಿಕೆಗೆ ಒಳ್ಳೆಯದೇ. ಬಿಲ್ಲಿಗೆ ನಡೆಯದು. ಬಿಲ್ಲಿನ ಮೀಟರ್ ಕೇಂದ್ರ ವಿದ್ಯುತ್ ಪ್ರಾಧಿಕಾರದ ಮೀಟರ್ ನಿಯಮಕ್ಕೂ ಭಾರತೀಯ ಮಾನಕಕ್ಕೂ ಒಳಪಟ್ಟಿರಬೇಕು. ಸಾಮಾನ್ಯ ಎಲೆಕ್ಟ್ರಾನಿಕ್ ಮೀಟರಿಗೆ ಐಎಸ್ 13779, ಸ್ಮಾರ್ಟ್ ಮೀಟರಿಗೆ ಐಎಸ್ 16444. ಈ ಅಂಕಿ ಮೀಟರಿನ ಮುಖದ ಮೇಲೇ ಇರುತ್ತದೆ. ಆ ಸಣ್ಣ ಮೀಟರಿನ ಮುಖದಲ್ಲಿ ಇರಲಿಲ್ಲ.

ಆಂಪಿಯರ್ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಮೂರು ಕಿಲೋವ್ಯಾಟ್ ಇನ್ವರ್ಟರ್ ಪೂರ್ತಿ ಓಡಿದರೂ ಸುಮಾರು 13 ಆಂಪಿಯರ್. 10-60 ಆಂಪಿಯರಿನ ನೇರ ಜೋಡಣೆಯ ತ್ರೀ ಫೇಸ್ ಮೀಟರ್ ಈ ಮನೆಗೆ ಧಾರಾಳ. ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿ ಅಳೆಯುವ ಮೀಟರುಗಳೆಲ್ಲ ದೊಡ್ಡ ಹೊರೆಯವರಿಗೆ.

ನಾನು ಅಂಗಡಿಯವನಿಗೆ ಒತ್ತಿ ಕೇಳಿದ್ದು ಒಂದೇ: ಇದು ಮೂರು ಫೇಸನ್ನು ಕೂಡಿಸಿ ಕಳೆದು ಬರೆಯುತ್ತದಾ, ಬೇರೆ ಬೇರೆಯಾಗಿ ಬರೆಯುತ್ತದಾ? ಸಿಂಗಲ್ ಫೇಸ್ ಇನ್ವರ್ಟರ್, ತ್ರೀ ಫೇಸ್ ಮನೆ ಇರುವಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ. ಉದಾಹರಣೆ ಹೇಳುತ್ತೇನೆ. ಮಧ್ಯಾಹ್ನ ಆರ್ ಫೇಸಿನಲ್ಲಿ 2.1 ಕಿಲೋವ್ಯಾಟ್ ಹೊರಗೆ ಹೋಗುತ್ತಿದೆ, ವೈ ಫೇಸಿನಲ್ಲಿ 0.5, ಬಿ ಫೇಸಿನಲ್ಲಿ 0.4 ಒಳಗೆ ಬರುತ್ತಿದೆ ಎನ್ನಿ. ಕೂಡಿಸಿ ಕಳೆಯುವ ಮೀಟರ್ ‘ಹೊರಗೆ 1.2’ ಎಂದು ಮಾತ್ರ ಬರೆಯುತ್ತದೆ. ಬೇರೆ ಬೇರೆ ಬರೆಯುವ ಮೀಟರ್ ‘ಹೊರಗೆ 2.1, ಒಳಗೆ 0.9’ ಎನ್ನುತ್ತದೆ. ಯೂನಿಟಿಗೆ ಯೂನಿಟ್ ವಜಾ ಆಗುವ ನೆಟ್ ಮೀಟರಿಂಗಿನಲ್ಲಿ ಎರಡಕ್ಕೂ ಫಲ ಒಂದೇ, 1.2. ಆದರೆ ಹೊರಹೋಗುವ ಯೂನಿಟಿಗೆ ಕಡಿಮೆ ದರ, ಒಳಬರುವ ಯೂನಿಟಿಗೆ ಹೆಚ್ಚು ದರ ಎಂಬ ಪದ್ಧತಿ ಇದ್ದಲ್ಲಿ ಎರಡನೆಯ ಮೀಟರಿನಿಂದ ಪ್ರತಿ ಮಧ್ಯಾಹ್ನವೂ ನಷ್ಟ. ಮೀಟರ್ ಹತ್ತಾರು ವರ್ಷ ಗೋಡೆಯಲ್ಲಿರುತ್ತದೆ, ನಿಯಮ ಅಷ್ಟು ದಿನ ಇರುವುದಿಲ್ಲ. ಅದಕ್ಕೇ ಕೂಡಿಸಿ ಕಳೆಯುವಂಥದ್ದನ್ನೇ ತೆಗೆದೆವು. ಅಂಗಡಿಯವನಿಗೆ ಉತ್ತರ ಗೊತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಡಬ್ಬದೊಳಗಿನ ಚೀಟಿಯಲ್ಲಿ ಇತ್ತು, ಸಣ್ಣ ಅಕ್ಷರದಲ್ಲಿ.

ಕೂರಿಸಿದ ದಿನ

ಮಾರ್ಚ್ ಕೊನೆಗೆ ಎರಡೂ ಮೀಟರ್ ಪರೀಕ್ಷೆ ಮುಗಿದು ಬಂದವು. ಮರದ ಹಲಗೆ ತೆಗೆದು ಹೊಸ ಡಬ್ಬ ಹಾಕಿದೆವು. ಅರ್ಥಿಂಗ್ ಹೊಸದಾಗಿ ಮಾಡಿಸಿ, ಸಿಡಿಲಿನ ಪೆಟ್ಟು ತಡೆಯುವ ಎಸ್‌ಪಿಡಿಯನ್ನೂ ಹಾಕಿಸಿದೆ. ನಮ್ಮ ಕಡೆಯ ತುಲಾ ಮಾಸದ ಗುಡುಗು ನೋಡಿದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ.

ಲೈನ್‌ಮನ್ ಸೀಲು ಒತ್ತಿದ ಮೇಲೆ ಮೊದಲು ಎರಡೂ ಮೀಟರಿನ ಆರಂಭದ ಅಂಕಿಗಳ ಫೋಟೊ ತೆಗೆದೆ. ಆಮೇಲೆ ಮತ್ತೆ ಕೆಟಲ್. ಮೀಟರಿನ ಗುಂಡಿ ಒತ್ತುತ್ತ ಹೋದರೆ ಪರದೆಯಲ್ಲಿ ಒಂದೊಂದೇ ಅಂಕಿ ಬರುತ್ತದೆ. ‘1.8.0’ ಎಂಬ ಗುರುತಿನ ಸಾಲು ಒಳಬಂದ ಯೂನಿಟ್, ‘2.8.0’ ಹೊರಹೋದದ್ದು. ಕೆಲವು ಮೀಟರಿನಲ್ಲಿ ಈ ಅಂಕಿಯ ಬದಲು ‘ಇಂಪ್’, ‘ಎಕ್ಸ್‌ಪ್’ ಎಂದು ಇರುತ್ತದೆ. ಎಲ್ಲ ಆಫ್ ಮಾಡಿ ಇನ್ವರ್ಟರ್ ಮಾತ್ರ ಬಿಟ್ಟಾಗ 2.8.0 ಏರಿತು, 1.8.0 ನಿಂತಲ್ಲೇ ನಿಂತಿತು. ಕೆಟಲ್ ಹಾಕಿದಾಗ ದೀಪದ ಮಿನುಗು ನಿಧಾನವಾಯಿತು. ಹಳೆಯ ಮೀಟರಿನಲ್ಲಿ ಜೋರಾಗಿತ್ತು, ನೆನಪಿದೆಯಲ್ಲ. ಮಾವ ಕೈಗಡಿಯಾರ ಹಿಡಿದು ಈ ಸಲ ತಾವೇ ಎಣಿಸಿದರು.

ಹಳೆಯ ಮೀಟರನ್ನು ಲೈನ್‌ಮನ್ ಚೀಲಕ್ಕೆ ಹಾಕಿಕೊಂಡ. “ಅದನ್ನು ಇಲ್ಲಿ ಇಟ್ಟು ಹೋಗುದಕ್ಕೆ ಆಗದಾ?” ಎಂದು ಮಾವ ಕೇಳಿದರು. ಯಾಕೆ ಎಂದರೆ ಹೇಳಲಿಲ್ಲ.

ಗೋಡೆಯ ಕ್ಯಾಲೆಂಡರ್

ಆ ದಿನದಿಂದ ಮಾವ ಪ್ರತಿ ಶನಿವಾರ ಸಂಜೆ ಕ್ಯಾಲೆಂಡರಿನ ಚೌಕದಲ್ಲಿ ಮೂರು ಅಂಕಿ ಬರೆಯುತ್ತಾರೆ: ಸೋಲಾರ್, ಒಳಗೆ, ಹೊರಗೆ. ನಾನು ಅವರಿಗೆ ಎರಡೇ ಸೂತ್ರ ಬರೆದುಕೊಟ್ಟಿದ್ದೆ. ಸೋಲಾರಿನಿಂದ ಹೊರಹೋದದ್ದನ್ನು ಕಳೆದರೆ ಮನೆಯಲ್ಲೇ ಉಪಯೋಗಿಸಿದ ಬಿಸಿಲು. ಅದಕ್ಕೆ ಒಳಬಂದದ್ದನ್ನು ಕೂಡಿಸಿದರೆ ಮನೆಯ ಒಟ್ಟು ಖರ್ಚು. ಹೊರಹೋದದ್ದು ಸೋಲಾರಿಗಿಂತ ಹೆಚ್ಚು ಕಂಡರೆ ಎಲ್ಲೋ ತಪ್ಪಿದೆ ಎಂದು ಅರ್ಥ, ಒಂದೋ ತಂತಿ, ಒಂದೋ ಓದಿದವರು.

ಏಪ್ರಿಲ್ ಮತ್ತು ಮೇ: ಸೋಲಾರ್ 690, ಹೊರಗೆ 480, ಒಳಗೆ 320. ಮನೆಯ ಖರ್ಚು 530. ಹೊರಗೆ ಹೋದದ್ದೇ 160 ಯೂನಿಟ್ ಹೆಚ್ಚು, ಅದು ಮುಂದಿನ ಬಿಲ್ಲಿಗೆ ಜಮೆ. ಬಿಲ್ಲು ಸೊನ್ನೆ ಬರಲಿಲ್ಲ, ನಿಗದಿತ ಶುಲ್ಕ ಇದ್ದೇ ಇರುತ್ತದೆ. ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿದ್ದರಿಂದ ಕೊನೆಯ ವಾರದ ಅಂಕಿ ಬಿದ್ದಿತ್ತು, ಇಲ್ಲದಿದ್ದರೆ ಇನ್ನಷ್ಟು ಬರುತ್ತಿತ್ತು.

ಜೂನ್ ಮತ್ತು ಜುಲೈ: ಸೋಲಾರ್ 430, ಹೊರಗೆ 240, ಒಳಗೆ 320. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಆಷಾಢದ ಸೋಲಾರ್ ಅಷ್ಟೇ. 80 ಯೂನಿಟ್ ಕಡಿಮೆ ಬಿತ್ತು, ಜಮೆಯ 160ರಿಂದ ವಜಾ ಆಯಿತು. ಇನ್ನೂ 80 ಕೈಯಲ್ಲಿತ್ತು.

ಜುಲೈಯ ಒಂದು ಶನಿವಾರ ಮಾವನ ಫೋನು ಬಂತು, ಈ ಸಲ ಸಂಜೆ. ಗಾಳಿಗೆ ಮರ ಬಿದ್ದು ಕಂಬ ಮುರಿದಿತ್ತು, ಬುಧವಾರದಿಂದ ಕರೆಂಟಿಲ್ಲ. ಮಧ್ಯೆ ಒಂದು ದಿನ ಒಳ್ಳೆಯ ಬಿಸಿಲಿತ್ತು, ಆದರೂ ಇನ್ವರ್ಟರ್ ಸತ್ತ ಹಾಗೆ ಕೂತಿದೆ, ಸೋಲಾರ್ ಮೀಟರಿನಲ್ಲಿ ಒಂದಂಕಿಯೂ ಏರಿಲ್ಲ, ಅದೂ ಕೆಟ್ಟಿತಾ ಎಂದು ಕೇಳಿದರು. ಕೆಟ್ಟಿಲ್ಲ, ಲೈನಿನಲ್ಲಿ ಕರೆಂಟಿಲ್ಲದಿದ್ದರೆ ಆನ್‌ಗ್ರಿಡ್ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ, ನಿಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಮ್ಮ ಹಟ್ಟಿಯಿಂದ ಶಾಕು ಹೊಡೆಯುತ್ತದೆ ಎಂದೆ.

“ಹಾಗಾದ್ರೆ ಇವತ್ತು ಎಂತ ಬರೆಯುದು?”

“ಬುಧವಾರದ್ದೇ ಬರೆಯಿರಿ, ಮಾವ.”

ಬರೆದಿದ್ದರು. ಮೊನ್ನೆ ಹೋದಾಗ ನೋಡಿದೆ. ಮೂರು ಅಂಕಿ, ಕೆಳಗೆ ‘ಕಂಬ ಬಿದ್ದದ್ದು’ ಎಂದು ಪೆನ್ಸಿಲಿನಲ್ಲಿ.